ಸುಡಲೆಂದೇ ಮೂಡಿಸಿದ ಚಿತ್ರಗಳು: ಚೀನಾದ ಮರದಚ್ಚಿನ ಜನಪದ ಕಲೆ

ಉತ್ತರ ಚೀನಾದ ಹಳ್ಳಿಮನೆಗಳಲ್ಲಿ ಒಲೆಯ ಮೇಲಿನ ಗೋಡೆಗೆ ಅಂಟಿಸಿದ ಕಾಗದದ ದೇವರೊಬ್ಬನಿರುತ್ತಿದ್ದ. ಹೆಸರು ಜಾವ್ ವಾಂಗ್, ಅಡುಗೆಮನೆಯ ಅಧಿದೇವತೆ. ಪಕ್ಕದಲ್ಲಿ ಹೆಂಡತಿ, ನೆತ್ತಿಯ ಮೇಲ್ಗಡೆ ಆ ವರ್ಷದ ಪಂಚಾಂಗ, ಎಲ್ಲವೂ ಒಂದೇ ಹಾಳೆಯಲ್ಲಿ. ವರ್ಷವಿಡೀ ಹೊಗೆ ಕುಡಿದು, ಜಿಡ್ಡು ಹಿಡಿದು ಕಪ್ಪಾದ ಈ ದೇವರನ್ನು ಚಾಂದ್ರಮಾನದ ಹನ್ನೆರಡನೆಯ ತಿಂಗಳ 23ನೆಯ ದಿನ, ಕೆಲವು ಕಡೆ 24ನೆಯ ದಿನ, ಗೋಡೆಯಿಂದ ಬಿಡಿಸಿ, ತುಟಿಗೆ ಅಂಟುಮಿಠಾಯಿ ಸವರಿ ಸುಡುತ್ತಿದ್ದರು. ಹೊಗೆಯೊಡನೆ ಮೇಲೇರಿದ ದೇವರು ಸ್ವರ್ಗದ ಚಕ್ರವರ್ತಿಗೆ ಆ ಮನೆಯವರ ವರ್ಷದ ನಡತೆಯನ್ನು ಒಪ್ಪಿಸಬೇಕು. ಬಾಯಿ ಸಿಹಿಯಾಗಿದ್ದರೆ ಮಾತೂ ಸಿಹಿಯಾದೀತೆಂಬ ಆಸೆ. ವಾರದ ಬಳಿಕ, ಹೊಸವರ್ಷದ ಹಿಂದಿನ ರಾತ್ರಿ, ಸಂತೆಯಿಂದ ತಂದ ಹೊಸ ಹಾಳೆ ಅದೇ ಜಾಗಕ್ಕೆ ಬರುತ್ತಿತ್ತು. ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ಎಸೆಯಲು ಮನಸ್ಸು ಬಾರದೆ ಕಟ್ಟು ಹಾಕಿಸಿ ಇಟ್ಟುಕೊಳ್ಳುವ ನಮಗೆ ಇದು ಕಸಿವಿಸಿ ಎನಿಸಬಹುದು. ಅಲ್ಲಿ ಸುಟ್ಟರೆ ಮಾತ್ರ ದೇವರ ಕೆಲಸ ಪೂರ್ತಿಯಾದಂತೆ.

ನಿಯನ್‌ಹ್ವಾ, ಅಂದರೆ ಹೊಸವರ್ಷದ ಚಿತ್ರ ಎಂದು ಕರೆಯುವ ಈ ಮರದಚ್ಚಿನ ಕಲೆಯ ಬಗ್ಗೆ ಕಳೆದ ನೂರು ವರ್ಷಗಳಲ್ಲಿ ಬಹಳ ಮಂದಿ ತಲೆ ಕೆಡಿಸಿಕೊಂಡಿದ್ದಾರೆ. ವಿದ್ವಾಂಸರು ಅದನ್ನು ಸಂಗ್ರಹಿಸಿದರು, ಕ್ರಾಂತಿಕಾರಿಗಳು ತಿದ್ದಿದರು, ಮತ್ತೊಂದು ತಲೆಮಾರಿನ ಕ್ರಾಂತಿಕಾರಿಗಳು ಸುಟ್ಟರು, ಈಗ ಸರ್ಕಾರ ಕಾಪಾಡುತ್ತಿದೆ. ವರ್ಷಕ್ಕೊಮ್ಮೆ ಅಳಿದು ಮತ್ತೆ ಹುಟ್ಟುವುದೇ ಸ್ವಭಾವವಾಗಿರುವ ಕಲೆಯನ್ನು ಉಳಿಸುತ್ತೇವೆ ಎಂದು ಹೊರಟಾಗ ನಿಜವಾಗಿ ಉಳಿಯಬೇಕಾದ್ದು ಯಾವುದು? ಹಾಳೆಯೋ, ಹಲಗೆಯೋ, ಕೆತ್ತುವ ಕೈಯೋ, ಕೊಂಡು ಅಂಟಿಸುವ ಮನೆಯೋ? ಈ ಪ್ರಶ್ನೆಗೆ ಬಂದಿರುವ ಉತ್ತರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಇದರ ವಯಸ್ಸು. ಕಾಲ ನಮೂದಾಗಿ ಉಳಿದಿರುವ ಅತಿ ಹಳೆಯ ಸಂಪೂರ್ಣ ಮುದ್ರಿತ ಪುಸ್ತಕ ಡುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ವಜ್ರಸೂತ್ರ. ಅದರ ಕಾಲ ಕ್ರಿ.ಶ. 868. ವಾಂಗ್ ಜಿಯೆ ಎಂಬಾತ ತನ್ನ ತಂದೆತಾಯಿಯ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಲು ಮಾಡಿಸಿದ್ದು. ಅದರ ಮೊದಲಲ್ಲೇ ಮರದಚ್ಚಿನ ಚಿತ್ರವಿದೆ: ಜೇತವನದಲ್ಲಿ ಬುದ್ಧ, ಎದುರಿಗೆ ಮೊಣಕಾಲೂರಿದ ಸುಭೂತಿ. ರೇಖೆಗಳು ಎಷ್ಟು ಪಳಗಿವೆಯೆಂದರೆ ಆ ಹೊತ್ತಿಗಾಗಲೇ ಕೆತ್ತನೆಗಾರರ ಹಲವು ತಲೆಮಾರು ಕಳೆದಿರಬೇಕು ಎಂದು ನೋಡಿದವರಿಗೆಲ್ಲ ಅನಿಸುತ್ತದೆ. ನಮ್ಮ ನೆಲದಲ್ಲಿ ಹುಟ್ಟಿದ ಸೂತ್ರವೊಂದು ಜಗತ್ತಿನ ಮುದ್ರಣ ಚರಿತ್ರೆಯ ಮೊದಲ ಪುಟದಲ್ಲಿರುವುದು ನಮಗೂ ಸಂತೋಷದ ಸಂಗತಿಯೇ. 1072ರಲ್ಲಿ ಸಾಂಗ್ ದೊರೆ ಶೆನ್‌ಜೋಂಗ್, ದೆವ್ವ ಹಿಡಿಯುವ ಜೋಂಗ್ ಕುಯ್‌ನ ಚಿತ್ರವನ್ನು ಹಲಗೆಯಲ್ಲಿ ಕೆತ್ತಿಸಿ, ಅಚ್ಚೊತ್ತಿಸಿ, ವರ್ಷಾಂತ್ಯದಲ್ಲಿ ಅಧಿಕಾರಿಗಳಿಗೆ ಹಂಚಿದನೆಂದು ಆ ಕಾಲದ ವಿದ್ವಾಂಸ ಶೆನ್ ಕುವೊ ಬರೆದಿಟ್ಟಿದ್ದಾನೆ. ರಾಜಧಾನಿ ಕೈಫೆಂಗ್‌ನ ಪೇಟೆಯಲ್ಲಿ ಹೊಸವರ್ಷ ಹತ್ತಿರವಾದಾಗ ಬಾಗಿಲ ದೇವರ ಚಿತ್ರಗಳನ್ನು ಅಚ್ಚೊತ್ತಿ ಮಾರುತ್ತಿದ್ದರೆಂದು ಮೆಂಗ್ ಯುವಾನ್‌ಲಾವ್ ಎಂಬಾತ ಹನ್ನೆರಡನೆಯ ಶತಮಾನದಲ್ಲಿ, ಊರು ಶತ್ರುಗಳ ಪಾಲಾದ ಮೇಲೆ, ನೆನೆದು ಬರೆದ. ಅಲ್ಲಿಗೆ ಅರಮನೆಯಲ್ಲೂ ಬೀದಿಯಲ್ಲೂ ಈ ರೂಢಿ ಬೇರೂರಿತ್ತೆಂದು ತಿಳಿಯಬಹುದು.

ಆ ಕಾಲದ ಬೀದಿಯ ಹಾಳೆಗಳು ನಮಗೇಕೆ ಸಿಕ್ಕಿಲ್ಲವೆಂದರೆ, ಅವು ತಮ್ಮ ಕೆಲಸ ಮಾಡಿ ಮುಗಿಸಿದ್ದವು. ಉಳಿದ ಒಂದೆರಡು ಮರಳುಗಾಡಿನ ಕೃಪೆಯಿಂದ ಉಳಿದವು. ರಷ್ಯದ ಅನ್ವೇಷಕ ಕೊಜ್ಲೋವ್ 1909ರಲ್ಲಿ ಖಾರಾ ಖೋತೋ ಎಂಬ ಹಾಳೂರಿನಲ್ಲಿ ಅಗೆದಾಗ ಹೊರಬಂದ ‘ನಾಲ್ವರು ಸುಂದರಿಯರು’ ಅಂಥದ್ದು. ಜಿನ್ ರಾಜರ ಕಾಲದಲ್ಲಿ ಇಂದಿನ ಶಾನ್‌ಶಿ ಪ್ರಾಂತದ ಪಿಂಗ್‌ಯಾಂಗ್‌ನ ಜಿ ಮನೆತನದ ಅಚ್ಚುಶಾಲೆಯಲ್ಲಿ ಮೂಡಿದ ಈ ಚಿತ್ರ ಈಗ ರಷ್ಯದಲ್ಲಿದೆ. ಮುದ್ರಿಸಿದವರ ಹೆಸರನ್ನೂ ಚಿತ್ರದಲ್ಲೇ ಕೆತ್ತಿದ್ದಾರೆ. ಮಾರಾಟಕ್ಕೆ ಮಾಡಿದ ಸರಕು ಅದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಮುಂದಿನ ವಾದವೆಲ್ಲ ಅದರ ಮೇಲೆ ನಿಂತಿದೆ. ಚಿತ್ರಕಾರ ತೆಳುಕಾಗದದ ಮೇಲೆ ಬರೀ ರೇಖೆಗಳಲ್ಲಿ ಚಿತ್ರ ಬರೆಯುತ್ತಾನೆ. ಆ ಕಾಗದವನ್ನು ಹದಗೊಳಿಸಿದ ಪಿಯರ್ ಅಥವಾ ಎಲಚಿ ಜಾತಿಯ ಗಟ್ಟಿಮರದ ಹಲಗೆಗೆ ಮುಖ ಕೆಳಗಾಗಿ ಅಂಟಿಸಿ, ರೇಖೆ ಬಿಟ್ಟು ಉಳಿದುದನ್ನೆಲ್ಲ ಕೆತ್ತಿ ತೆಗೆಯಬೇಕು. ಮೂಲಚಿತ್ರ ಅಲ್ಲಿಯೇ ನಾಶವಾಗುತ್ತದೆ. ಗಡ್ಡದ ಎಳೆ, ಕಣ್ಣಿನ ಅಂಚು, ಮಗುವಿನ ಕೆನ್ನೆಯ ಬಾಗು ಇವು ಕೆತ್ತನೆಗಾರನ ಅಗ್ನಿಪರೀಕ್ಷೆ. ರೇಖೆಯ ಎರಡೂ ಬದಿಯನ್ನು ಓರೆಯಾಗಿ ಕೊರೆದರೆ ಅದು ಸಾವಿರಾರು ಸಲ ಒತ್ತಿದರೂ ಮುರಿಯದೆ ನಿಲ್ಲುತ್ತದೆ, ನೇರ ಕೊರೆದರೆ ಬೇಗ ಚಕ್ಕೆ ಏಳುತ್ತದೆ. ರೇಖೆಗೆ ಒಂದು ಹಲಗೆ, ಮತ್ತೆ ಕೆಂಪಿಗೊಂದು, ಹಳದಿಗೊಂದು, ಹಸಿರಿಗೊಂದು, ನೇರಳೆಗೊಂದು. ಮುದ್ರಣಕ್ಕೆ ಯಂತ್ರವಿಲ್ಲ. ನೂರಾರು ಹಾಳೆಗಳ ಕಟ್ಟಿನ ಒಂದು ಅಂಚನ್ನು ಮೇಜಿಗೆ ಬಿಗಿದಿಡುತ್ತಾರೆ. ಹಲಗೆಗೆ ಕುಂಚದಿಂದ ಮಸಿ ಹಚ್ಚಿ, ಒಂದು ಹಾಳೆ ಮಗುಚಿ, ತಾಳೆಜಾತಿಯ ಮರದ ನಾರು ತುಂಬಿದ ಉಜ್ಜುವ ಸಾಧನವನ್ನು ಅದರ ಬೆನ್ನ ಮೇಲೆ ಎಳೆದು, ಎತ್ತಿ ಆಚೆ ಇಳಿಬಿಡುತ್ತಾರೆ. ಇಡೀ ಕಟ್ಟು ಮುಗಿದ ಮೇಲೆ ಮುಂದಿನ ಬಣ್ಣದ ಹಲಗೆ ಕೂರುತ್ತದೆ. ಅದು ಕೂದಲೆಳೆಯಷ್ಟು ಸರಿದರೆ ದೇವರ ತುಟಿ ಗಲ್ಲಕ್ಕೆ ಇಳಿಯುತ್ತದೆ.

ಹಲಗೆ ಸವೆಯುತ್ತದೆ. ಸವೆದಾಗ ಹಳೆಯ ಅಚ್ಚಿನ ಒಂದು ಹಾಳೆಯನ್ನೇ ಹೊಸ ಹಲಗೆಗೆ ಅಂಟಿಸಿ ಮತ್ತೆ ಕೆತ್ತುತ್ತಾರೆ. ಹೀಗೆ ಒಂದೇ ಚಿತ್ರ ಹಲವು ತಲೆಮಾರಿನ ಕೈ ದಾಟಿ ಬರುತ್ತದೆ, ಪ್ರತಿ ಸಲವೂ ಕೊಂಚ ಬದಲಾಗುತ್ತದೆ. ‘ಮೂಲ ಪ್ರತಿ’ ಎಂಬ ಮಾತಿಗೆ ಇಲ್ಲಿ ಹೆಚ್ಚಿನ ಅರ್ಥವಿಲ್ಲ. ಮರುಕೆತ್ತನೆಯೇ ಇದರ ವಂಶಾವಳಿ.

ಊರೂರಿಗೂ ಈ ಕಲೆಯ ಸ್ವಭಾವ ಬೇರೆ. ತಿಯಾನ್‌ಜಿನ್ ಬಳಿ ಮಹಾಕಾಲುವೆಯ ದಡದಲ್ಲಿರುವ ಯಾಂಗ್‌ಲ್ಯೂಚಿಂಗ್ ಎಲ್ಲರಿಗಿಂತ ನಾಜೂಕು. ಅಲ್ಲಿ ಅಚ್ಚಿನ ಕೆಲಸ ಅರ್ಧ ಮಾತ್ರ, ಉಳಿದರ್ಧ ಕುಂಚದ್ದು. ಸುತ್ತಲಿನ ಹತ್ತಾರು ಹಳ್ಳಿಗಳ ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು ಮುಖಕ್ಕೆ, ಉಡುಪಿಗೆ ಬಣ್ಣ ತುಂಬುತ್ತಿದ್ದರು. ಕಮಲದ ನಡುವೆ ಕೆಂಪು ಮೀನು ಅಪ್ಪಿಕೊಂಡು ಕುಳಿತ ಗುಂಡು ಮಗುವಿನ ಚಿತ್ರ ಜಗತ್ತಿನಾದ್ಯಂತ ಇಡೀ ಕಲೆಯ ಗುರುತಾಗಿಬಿಟ್ಟಿರುವುದು ಈ ಊರಿನಿಂದ. ರಾಜಧಾನಿ ಬೀಜಿಂಗ್ ಹತ್ತಿರವಿದ್ದುದರಿಂದ ಅರಮನೆಯ ಚಿತ್ರಕಲೆಯ ನಯ ಅದಕ್ಕೆ ಅಂಟಿಕೊಂಡಿತು.

ದಕ್ಷಿಣದ ಸೂಚೌ ನಗರದ ತಾವ್‌ಹ್ವಾವೂ ಕೇರಿಯ ಕಥೆ ಬೇರೆಯೇ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಕೆತ್ತನೆಗಾರರು ಯುರೋಪಿನ ತಾಮ್ರಫಲಕದ ಚಿತ್ರಗಳನ್ನು ಕಂಡು, ದೂರದ ವಸ್ತು ಚಿಕ್ಕದಾಗಿ ಕಾಣುವ ದೃಷ್ಟಿಕ್ರಮವನ್ನೂ ಗೀರುಗಳಿಂದ ನೆರಳು ಮೂಡಿಸುವುದನ್ನೂ ಕಲಿತು, ತಮ್ಮ ನಗರದ ಸೇತುವೆ, ಕಾಲುವೆ, ಕೋಟೆಬಾಗಿಲುಗಳನ್ನು ದೊಡ್ಡ ಹಾಳೆಗಳಲ್ಲಿ ಮೂಡಿಸಿದರು. 1734ರ ಚಾಂಗ್‌ಮೆನ್ ಬಾಗಿಲಿನ ಚಿತ್ರ ನೋಡಿದವರಿಗೆ ಆ ಪೇಟೆಯ ಗದ್ದಲ ಕಿವಿಗೇ ಬೀಳುತ್ತದೆ. ಈ ಹಾಳೆಗಳು ಹಡಗು ಹತ್ತಿ ಜಪಾನಿಗೆ ಹೋದವು, ಅಲ್ಲಿನ ದೃಷ್ಟಿಕ್ರಮದ ಚಿತ್ರಗಳ ಮೇಲೆ ಪ್ರಭಾವ ಬೀರಿದವು. ಯುರೋಪಿನ ಕೆಲವು ಸಿರಿವಂತರ ಮನೆಗಳಲ್ಲಿ ಗೋಡೆಕಾಗದವಾದವು. 1860ರಲ್ಲಿ ತೈಪಿಂಗ್ ದಂಗೆಯ ಯುದ್ಧ ಸೂಚೌವನ್ನು ಹಾಳುಗೆಡವಿದಾಗ ಈ ಕೇರಿ ಸುಟ್ಟುಹೋಯಿತು, ವ್ಯಾಪಾರ ಶಾಂಘೈಗೆ ಸರಿಯಿತು. ಇಂದು ಆ ದೊಡ್ಡ ಚಿತ್ರಗಳನ್ನು ನೋಡಬೇಕೆಂದರೆ ಹೆಚ್ಚಿನವಕ್ಕೆ ಜಪಾನಿಗೋ ಯುರೋಪಿಗೋ ಹೋಗಬೇಕು. ಹೊರದೇಶದವರು ಅವನ್ನು ಪ್ರತಿವರ್ಷ ಬದಲಿಸದೆ ಇಟ್ಟುಕೊಂಡರು, ಅದರಿಂದ ಉಳಿದವು.

ನನಗೆ ಎಲ್ಲಕ್ಕಿಂತ ಹತ್ತಿರವೆನಿಸುವುದು ಸಿಚುವಾನ್ ಪ್ರಾಂತದ ಮಿಯನ್‌ಜೂ. ಅಲ್ಲಿಯೂ ರೇಖೆ ಅಚ್ಚಿನದು, ಬಣ್ಣ ಕೈಯದು. ವರ್ಷದ ಕೊನೆಯ ದಿನ ಅಂಗಡಿ ಧಣಿಯ ಕೆಲಸ ಮುಗಿದ ಮೇಲೆ, ಬಟ್ಟಲಿನ ತಳದಲ್ಲಿ ಉಳಿದ ಬಣ್ಣವನ್ನೂ ಉಳಿದ ಹಾಳೆಗಳನ್ನೂ ಕೂಲಿಯ ಕಲಾವಿದರು ತಮಗಾಗಿ ಬಳಸಿಕೊಳ್ಳುವ ರೂಢಿಯಿತ್ತು. ಸಂಜೆಯ ಸಂತೆ ಮುಗಿಯುವುದರೊಳಗೆ ಮಾರಿ ನಾಲ್ಕು ಕಾಸು ಮಾಡಿಕೊಂಡು ಮನೆಗೆ ಹೋಗಬೇಕು. ಹೊತ್ತಿಲ್ಲ, ಬಣ್ಣವೂ ಸಾಲದು. ಆದ್ದರಿಂದ ತೋಯ್ದ ಕುಂಚದ ನಾಲ್ಕಾರು ಬೀಸಿನಲ್ಲಿ ಬಾಗಿಲ ದೇವರ ಇಡೀ ಉಡುಪು ಮುಗಿಯುತ್ತಿತ್ತು. ‘ತಿಯನ್‌ಶುಯ್‌ಜ್ಯಾವ್’ ಎನ್ನುವ ಈ ಅವಸರದ ಚಿತ್ರಗಳು ಧಣಿಗಾಗಿ ಜತನದಿಂದ ಬರೆದ ಚಿತ್ರಗಳಿಗಿಂತ ಹೆಚ್ಚು ಜೀವಂತವಾಗಿವೆ. ಇಂದಿನ ವಿಮರ್ಶಕರು ಮಿಯನ್‌ಜೂ ಪರಂಪರೆಯ ಶಿಖರವೆಂದು ಎತ್ತಿ ತೋರಿಸುವುದೂ ಇವನ್ನೇ. ಬಡತನದ ಅವಸರವನ್ನು ವೈಭವೀಕರಿಸುವುದು ಬೇಡ, ಆದರೆ ಹತ್ತಾರು ವರ್ಷ ಒಂದೇ ರೂಪವನ್ನು ಬರೆದು ಬರೆದು ಕೈಗೆ ಬಂದ ಧೈರ್ಯ ಅದು.

ಹೆನಾನ್ ಪ್ರಾಂತದ ಜೂಶಿಯನ್‌ಜೆನ್, ಕೈಫೆಂಗ್‌ನ ಹಳೆಯ ಪರಂಪರೆಯ ವಾರಸುದಾರ. ದೊಡ್ಡ ತಲೆ, ದಪ್ಪ ರೇಖೆ, ಸಸ್ಯ ಮತ್ತು ಖನಿಜದ ಗಾಢ ಬಣ್ಣ. ನದಿಸಾಗಾಟದಿಂದ ಬೆಳೆದ ಊರು ನದಿಯ ಪ್ರವಾಹ ಮತ್ತು ಹೂಳಿನಿಂದಲೇ ಸೊರಗಿತು. ಶಾನ್‌ದೊಂಗ್‌ನ ಯಾಂಗ್‌ಜ್ಯಾಬೂ ರೈತರ ಊರು, ಬೇಸಾಯದ ಬಿಡುವಿನಲ್ಲಿ ಅಚ್ಚು, ಜೊತೆಗೆ ಗಾಳಿಪಟ. ಪಕ್ಕದ ಗಾವ್‌ಮಿ, ಕಾದಂಬರಿಕಾರ ಮೋ ಯಾನ್ ಅವರ ಊರು, ತನ್ನದೇ ರೀತಿಯ ಚಿತ್ರಗಳಿಗೆ ಹೆಸರಾಗಿದೆ. ಫುಜಿಯನ್‌ನ ಜಾಂಗ್‌ಜೌ ಕೆಂಪು, ಕಪ್ಪು ಕಾಗದದ ಮೇಲೂ ಅಚ್ಚೊತ್ತುತ್ತದೆ. ಗುವಾಂಗ್‌ದೊಂಗ್‌ನ ಫೋಶಾನ್ ಹಾಳೆಗಳು ಆಗ್ನೇಯ ಏಷ್ಯಾದ ಚೀನೀ ಮನೆಗಳ ಬಾಗಿಲಿಗೂ ತಲುಪಿದವು.

ಆ ಬಾಗಿಲುಗಳ ಮೇಲೆ ನಿಂತವರು ಯಾರು? ಹೆಚ್ಚಾಗಿ ತಾಂಗ್ ದೊರೆ ತೈಜೋಂಗ್‌ನ ಇಬ್ಬರು ಸೇನಾನಿಗಳು, ಚಿನ್ ಚ್ಯೊಂಗ್ ಮತ್ತು ಯೂಚಿ ಗೋಂಗ್. ದೆವ್ವಗಳ ಕಾಟದಿಂದ ನಿದ್ದೆ ಬಾರದ ದೊರೆಯ ಬಾಗಿಲನ್ನು ಇವರಿಬ್ಬರೂ ರಾತ್ರಿಯಿಡೀ ಕಾದರಂತೆ. ಅವರನ್ನು ಕಂಡು ಮರುಗಿದ ದೊರೆ ಅವರ ಚಿತ್ರವನ್ನು ಬಾಗಿಲಿಗೆ ಅಂಟಿಸಿದನಂತೆ. ಒಳಕೋಣೆಗಳಲ್ಲಿ ಮಕ್ಕಳು, ದಾಳಿಂಬೆ, ಬಾವಲಿ, ನಾಟಕದ ದೃಶ್ಯಗಳು. ಬಾವಲಿ ಮತ್ತು ಭಾಗ್ಯಕ್ಕೆ, ಮೀನು ಮತ್ತು ಸಮೃದ್ಧಿಗೆ ಚೀನೀ ನುಡಿಯಲ್ಲಿ ಉಚ್ಚಾರ ಒಂದೇ ಆದ್ದರಿಂದ ಓದು ಬಾರದವರಿಗೂ ಈ ಚಿತ್ರ ಹರಕೆಯಾಗಿ ಕೇಳುತ್ತಿತ್ತು. ಕಾಲ ಬದಲಾದಂತೆ ಮೊದಲ ರೈಲು, ಫ್ರೆಂಚರೊಡನೆ ಆದ ಯುದ್ಧ, ಬಾಕ್ಸರ್ ದಂಗೆ ಇವೂ ಅಚ್ಚಿಗೆ ಬಂದವು. ಹಳ್ಳಿಗರಿಗೆ ವೃತ್ತಪತ್ರಿಕೆಯೂ ಇದೇ. ಒಂದು ಕೊರತೆಯನ್ನು ಮಾತ್ರ ಮುಚ್ಚಿಡಬಾರದು: ಈ ಸುಖದ ಲೋಕದಲ್ಲಿ ಹುಟ್ಟುವ ಮಗು ಹೆಚ್ಚುಕಡಿಮೆ ಯಾವಾಗಲೂ ಗಂಡು. ಮಗುವಿನ ಕೆನ್ನೆಗೆ ಕೆಂಪು ಹಚ್ಚಿದ ಹೆಣ್ಣುಮಕ್ಕಳಿಗೆ ಚಿತ್ರದಲ್ಲಿ ಅಂಥ ಸ್ವಾಗತವಿರಲಿಲ್ಲ.

ಆಧುನಿಕ ಚೀನಾ ಈ ಕಲೆಯನ್ನು ಹೊಸ ಕಣ್ಣಿನಿಂದ ನೋಡಲು ಲೇಖಕ ಲು ಶುನ್ ದೊಡ್ಡ ಕಾರಣ. 1926ರಲ್ಲಿ ಬರೆದ ‘ನಾಯಿ, ಬೆಕ್ಕು, ಇಲಿ’ ಎಂಬ ಪ್ರಬಂಧದಲ್ಲಿ, ಬಾಲ್ಯದಲ್ಲಿ ತನ್ನ ಮಂಚದ ಬಳಿ ಅಂಟಿಸಿದ್ದ ‘ಇಲಿಯ ಮದುವೆ’ ಚಿತ್ರವನ್ನು ಅವರು ನೆನೆಯುತ್ತಾರೆ. ವರ್ಷದ ಮೊದಲ ತಿಂಗಳ ಹದಿನಾಲ್ಕನೆಯ ರಾತ್ರಿ ಇಲಿಗಳ ದಿಬ್ಬಣ ಮಂಚದಡಿಯಿಂದ ಹೊರಡುವುದನ್ನು ನೋಡಲು ಆ ಹುಡುಗ ನಿದ್ದೆಗೆಟ್ಟು ಕಾಯುತ್ತಿದ್ದ. ಇದೇ ಲೇಖಕ 1931ರ ಆಗಸ್ಟ್‌ನಲ್ಲಿ ಶಾಂಘೈನಲ್ಲಿ ಹದಿಮೂರು ಯುವಕರಿಗೆ ಮರಗೆತ್ತನೆಯ ತರಗತಿ ಏರ್ಪಡಿಸಿ, ಜಪಾನಿನ ಉಚಿಯಾಮಾ ಕಾಕಿಚಿ ಕಲಿಸುತ್ತಿದ್ದುದನ್ನು ತಾವೇ ಅನುವಾದಿಸಿ ಹೇಳಿದರು. ಜರ್ಮನಿಯ ಕಲಾವಿದೆ ಕೇಥೆ ಕೋಲ್ವಿಟ್ಸ್ ಚಿತ್ರಗಳನ್ನು ತೋರಿಸಿದ ಅವರು, ಜನ ಮೆಚ್ಚುವ ಹೊಸವರ್ಷದ ಚಿತ್ರಗಳನ್ನೂ ಗಮನಿಸಿ ಎಂದು ಯುವ ಕಲಾವಿದರಿಗೆ ಪತ್ರ ಬರೆದರು. ಜೂಶಿಯನ್‌ಜೆನ್‌ನ ಹಾಳೆಗಳನ್ನು ಸಂಗ್ರಹಿಸಿಟ್ಟುಕೊಂಡರು.

ಆ ಸಲಹೆಗೆ ಯುದ್ಧಕಾಲ ಅರ್ಥ ಕೊಟ್ಟಿತು. 1930ರ ದಶಕದ ಕೊನೆಗೆ ತೈಹಾಂಗ್ ಬೆಟ್ಟಸೀಮೆಗೆ ಹೋದ ಕಮ್ಯೂನಿಸ್ಟ್ ಕಲಾವಿದರು ಹೊಸವರ್ಷದ ಸಂತೆಯಲ್ಲಿ ತಮ್ಮ ಚಿತ್ರ ಮಾರಿದರು. ಅವರಲ್ಲೊಬ್ಬನಾದ ಯಾನ್ ಹಾನ್ ಬಾಗಿಲ ದೇವರ ಜಾಗದಲ್ಲಿ ಜಪಾನೀ ಸೇನೆಯ ವಿರುದ್ಧ ಹೋರಾಡುವವರನ್ನು ನಿಲ್ಲಿಸಿದ. ಕಮ್ಯೂನಿಸ್ಟರ ನೆಲೆಯಾಗಿದ್ದ ಯಾನಾನ್‌ನಲ್ಲಿ ಗು ಯುವಾನ್ ಮುಂತಾದ ಕಲಾವಿದರು ಯುರೋಪಿನ ರೀತಿಯಲ್ಲಿ ನೆರಳು ತುಂಬಿ ಕೆತ್ತಿದ ಮುಖಗಳನ್ನು ನೋಡಿ, ಅರ್ಧ ಮುಖ ಯಾಕೆ ಕಪ್ಪು ಎಂದು ರೈತರು ಕೇಳಿದರು. ಕಲಾವಿದರು ಹಠ ಮಾಡಲಿಲ್ಲ, ನೆರಳು ತೆಗೆದು ಸ್ವಚ್ಛ ರೇಖೆಗೆ ಬಂದರು. ಓದಿಕೊಂಡ ಕಲಾವಿದರು ಹಳ್ಳಿಯ ನೋಟಕ್ಕೆ ನಿಜವಾಗಿ ಕಿವಿಗೊಟ್ಟ ಅಪರೂಪದ ಗಳಿಗೆಯಿದು ಎಂದು ನಾನು ನಂಬುತ್ತೇನೆ.

ಅಧಿಕಾರ ಕೈಗೆ ಬಂದ ಮೇಲೆ ಕಿವಿಗೊಡುವುದು ಕಡಿಮೆಯಾಯಿತು. 1949ರ ನವೆಂಬರ್‌ನಲ್ಲೇ ಹೊಸ ಸರ್ಕಾರದ ಸಂಸ್ಕೃತಿ ಸಚಿವಾಲಯ ಹೊಸ ಬಗೆಯ ನಿಯನ್‌ಹ್ವಾ ತಯಾರಿಸುವಂತೆ ಆದೇಶ ಹೊರಡಿಸಿತು. ಸಚಿವರು ಕಾದಂಬರಿಕಾರ ಮಾವ್ ದುನ್. ದೇವರುಗಳು ಮೂಢನಂಬಿಕೆಯ ಪಟ್ಟಿಗೆ ಸೇರಿದರು. ಟ್ರ್ಯಾಕ್ಟರು, ತುಂಬಿದ ಕಣಜ, ನಗುವ ಕಾರ್ಮಿಕರು ಬಂದರು, ಅದೂ ಆಫ್‌ಸೆಟ್ ಯಂತ್ರದಲ್ಲಿ. ಮರದಚ್ಚಿಗೆ ಪೆಟ್ಟು ಕೊಟ್ಟದ್ದು ಕ್ರಾಂತಿಯೊಂದೇ ಅಲ್ಲ ಎಂಬುದನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಶಾಂಘೈನ ಕಲ್ಲಚ್ಚು, ಅದರ ಬೆನ್ನಿಗೆ ಸಿಗರೇಟು ಕಂಪನಿಗಳ ಕ್ಯಾಲೆಂಡರ್ ಸುಂದರಿಯರು ಇದರ ಮಾರುಕಟ್ಟೆಯನ್ನು ಆಗಲೇ ಕಿತ್ತುಕೊಂಡಿದ್ದವು. 1966ರಲ್ಲಿ ಶುರುವಾದ ಸಾಂಸ್ಕೃತಿಕ ಕ್ರಾಂತಿ ಹಲಗೆಗೇ ಕೈ ಹಾಕಿತು. ತಲೆಮಾರುಗಳ ಅಚ್ಚುಗಳು ಬೆಂಕಿಗೆ ಬಿದ್ದವು. ಹಾಳೆ ಸುಟ್ಟರೆ ಮುಂದಿನ ವರ್ಷ ಮತ್ತೊಂದು ಬರುತ್ತದೆ. ಹಲಗೆ ಸುಟ್ಟರೆ, ಕೆತ್ತುವವನನ್ನು ಅವಮಾನಿಸಿ ಉಳಿ ಬಿಡಿಸಿದರೆ, ಮುಂದಿನ ವರ್ಷವೇ ಇಲ್ಲ.

ಈ ನಡುವೆ ಕಾಪಿಟ್ಟವರನ್ನು ನೆನೆಯಬೇಕು. ರಷ್ಯದ ವಿದ್ವಾಂಸ ವಾಸಿಲಿ ಅಲೆಕ್ಸೇಯೆವ್ 1907ರ ಚೀನಾ ಪ್ರವಾಸದಲ್ಲಿ ಸಾಮಾನ್ಯ ಜನರ ಚಿತ್ರಗಳನ್ನು ಸಾವಿರಗಟ್ಟಲೆ ಕೊಂಡರು, ಅವುಗಳ ಅರ್ಥವನ್ನು ಸ್ಥಳೀಯರಿಂದಲೇ ಕೇಳಿ ಬರೆಸಿಕೊಂಡರು. ಆ ಕಾಲದಲ್ಲಿ ಚೀನಾದ ಪಂಡಿತರಿಗೆ ಇವು ಕಸ. ಯಾಂಗ್‌ಲ್ಯೂಚಿಂಗ್‌ನಲ್ಲೇ ಹುಟ್ಟಿದ ವಾಂಗ್ ಶೂತ್ಸುನ್ (1923–2009) ಬದುಕಿಡೀ ಹಾಳೆಗಳನ್ನು ಕೂಡಿಟ್ಟು ಅಧ್ಯಯನಕ್ಕೆ ತಳಹದಿ ಹಾಕಿದರು. ತಿಯಾನ್‌ಜಿನ್‌ನ ಕಥೆಗಾರ ಫೆಂಗ್ ಜಿತ್ಸಾಯ್ ಈ ಶತಮಾನದ ಆರಂಭದಲ್ಲಿ ತಂಡ ಕಟ್ಟಿ ದೇಶದ ಎಲ್ಲ ಕೇಂದ್ರಗಳ ಸಮೀಕ್ಷೆ ಕೈಗೊಂಡು 22 ಸಂಪುಟಗಳನ್ನು ಹೊರತಂದರು. ರಷ್ಯ ಮತ್ತು ಜಪಾನಿನ ಸಂಗ್ರಹಗಳಿಗೂ ಅದರಲ್ಲಿ ಸಂಪುಟಗಳಿವೆ. 2003ರಲ್ಲಿ ಹೆಬೈ ಪ್ರಾಂತದ ವೂಚ್ಯಾಂಗ್‌ನಲ್ಲಿ ಹಳೆಯ ಮನೆಯೊಂದರ ಮಾಡಿನೊಳಗೆ ಬಚ್ಚಿಟ್ಟಿದ್ದ ನೂರಕ್ಕೂ ಹೆಚ್ಚು ಹಲಗೆಗಳು ಹೊರಬಂದಾಗ ಫೆಂಗ್ ಅಲ್ಲಿದ್ದು ಆ ಕಥೆ ಬರೆದರು. ಅವರ ಕೆಲಸದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಕುಶಲಕರ್ಮಿಗಳ ಬಾಯಿಮಾತಿನ ದಾಖಲೆ. ಹಳೆಯ ಹಾಳೆಯನ್ನು ನೋಡಿ ಮಸಿಯ ಹದ, ಕೈಯ ಒತ್ತಡ ಕಲಿಯಲು ಆಗುವುದಿಲ್ಲ.

2006ರಲ್ಲಿ ಹತ್ತಕ್ಕೂ ಹೆಚ್ಚು ಕೇಂದ್ರಗಳು ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿಗೆ ಸೇರಿದವು. ಹಿರಿಯ ಕರ್ಮಿಗಳಿಗೆ ಮಾನ, ಮಾಸಾಶನ, ಶಿಷ್ಯರು ಸಿಕ್ಕರು. ಇದು ಸಣ್ಣ ಸಂಗತಿಯಲ್ಲ. ಆದರೂ ಈ ವ್ಯವಸ್ಥೆ ಒಬ್ಬ ವ್ಯಕ್ತಿಯನ್ನು ವಾರಸುದಾರನೆಂದು ಗುರುತಿಸುತ್ತದೆ. ಮರದಚ್ಚು ಎಂದೂ ಒಬ್ಬನ ಕಲೆಯಾಗಿರಲಿಲ್ಲ. ಬರೆಯುವವನು, ಕೆತ್ತುವವನು, ಒತ್ತುವವನು, ಬಣ್ಣ ತುಂಬುವವಳು, ಹೊತ್ತು ಮಾರುವವನು ಎಲ್ಲ ಸೇರಿ ಒಂದು ಹಾಳೆ. ಇವರಲ್ಲಿ ಇಂದು ಅತಿ ಕೊರತೆ ಇರುವುದು ಕೆತ್ತುವವರದು. ಒತ್ತುವುದನ್ನು ಪ್ರವಾಸಿಗಳೂ ಅರ್ಧ ಗಂಟೆಯಲ್ಲಿ ಮಾಡಿ ನೋಡುತ್ತಾರೆ, ಗಡ್ಡದ ಎಳೆ ಕೊರೆಯಲು ವರ್ಷಗಳ ಅಭ್ಯಾಸ ಬೇಕು. ಹಳೆಯ ಹಲಗೆಯಿಂದಲೇ ಒತ್ತಿ ಒತ್ತಿ ಮಾರುವ ಕೇಂದ್ರಕ್ಕಿಂತ, ವರ್ಷಕ್ಕೊಂದಾದರೂ ಹಲಗೆ ಮರುಕೆತ್ತುವ ಕೇಂದ್ರ ಹೆಚ್ಚು ಆರೋಗ್ಯವಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ತೊಡಕು ಬಾಗಿಲಿನದೇ. ಬಾಗಿಲ ದೇವರು ಜೋಡಿ, ಹಳೆಯ ಮನೆಯ ಮರದ ಬಾಗಿಲಿಗೆ ಎರಡು ರೆಕ್ಕೆ. ಇಂದಿನ ಬಹುಮಹಡಿ ಮನೆಗೆ ಒಂಟಿ ಉಕ್ಕಿನ ಬಾಗಿಲು, ಅಡುಗೆಮನೆಯಲ್ಲಿ ಗ್ಯಾಸು. ಚಿತ್ರ ಕೂರುವ ಜಾಗವೇ ಮಾಯವಾಗಿದೆ. ಇದಕ್ಕೆ ಉತ್ತರವಾಗಿ ರೇಷ್ಮೆ ಹೊದಿಕೆಯ ದುಬಾರಿ ಸಂಪುಟಗಳು, ಉಡುಗೊರೆಯ ಪೆಟ್ಟಿಗೆಗಳು ಬಂದಿವೆ. ಕರ್ಮಿಗಳ ಹೊಟ್ಟೆಪಾಡಿಗೆ ಅವು ಬೇಕಾಗಬಹುದು, ಆದರೆ ದುಬಾರಿ ಸಂಪುಟವನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ, ಮರುವರ್ಷ ಕೊಳ್ಳುವುದೂ ಇಲ್ಲ. ಅಂಗೈಯಗಲದ ಬಾಗಿಲ ದೇವರು, ಒಂಟಿ ಬಾಗಿಲಿಗೆ ಒಪ್ಪುವ ಹೊಸ ವಿನ್ಯಾಸ, ಹೆಣ್ಣುಮಗುವನ್ನೂ ಹರಸುವ ಹೊಸ ಹಲಗೆ ಇಂಥವನ್ನು ಅಗ್ಗದ ಬೆಲೆಗೆ ಮಾಡಿದ ಕೇಂದ್ರಗಳಿಗೆ ಭವಿಷ್ಯವಿದೆ. ವಸ್ತುಸಂಗ್ರಹಾಲಯ ಹಳೆಯದನ್ನು ಕಾಯಲಿ, ಕಲೆಯನ್ನು ಕಾಯಬೇಕಾದವರು ಕೊಳ್ಳುವವರು.

ಓದಿಗೂ ವ್ಯಾಪಾರಕ್ಕೂ ಚೀನಾಕ್ಕೆ ಹೋಗುವ ಕನ್ನಡಿಗರು ಈಗ ಇದ್ದಾರೆ. ಬೀಜಿಂಗ್‌ನಿಂದ ತಿಯಾನ್‌ಜಿನ್ ವೇಗದ ರೈಲಿನಲ್ಲಿ ಅರ್ಧ ಗಂಟೆ, ಯಾಂಗ್‌ಲ್ಯೂಚಿಂಗ್ ಆ ನಗರದ ಪಶ್ಚಿಮಕ್ಕೇ ಇದೆ. ಹೋದವರು ಹಾಳೆಯನ್ನು ಹಿಂದುಮುಂದು ತಿರುಗಿಸಿ ನೋಡಿ: ಬಣ್ಣ ಹಿಂಬದಿಗೂ ಇಳಿದಿದ್ದರೆ ಸಾಮಾನ್ಯವಾಗಿ ಅದು ಕೈಯಚ್ಚು, ಹಿಂಬದಿ ಅಚ್ಚ ಬಿಳಿಯಾಗಿದ್ದರೆ ಯಂತ್ರದ್ದು. ಅಗ್ಗದ ಬಿಡಿಹಾಳೆಯನ್ನೇ, ಸಾಧ್ಯವಾದರೆ ಅಚ್ಚೊತ್ತಿದವರ ಕೈಯಿಂದಲೇ ಕೊಳ್ಳಿ. ಕೊಳ್ಳುವಾಗ ಹಲಗೆ ಕೆತ್ತಿದವರು ಯಾರೆಂದು ಕೇಳಿ.